ಇದು ನಡೆಯಂಗಿಲ್ರೀ

(ಗದಗಿನಲ್ಲಿ ಭಾಷೆಯ ಬಗ್ಗೆ ಆಸಕ್ತಿ ಇರುವ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೇಳಲು ಮರೆತ ಒಂದೆರಡು ವಿಷಯಗಳನ್ನು ನಡುವೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ದಾರಿಯಲ್ಲಿ ಬಾಳೆಹಣ್ಣು ಕೊಂಡೆ. ಹಣ್ಣು ಮಾರುವ ಅಜ್ಜಿಗೆ ಎರಡು ನೋಟು, ಜೊತೆಗೆ ಹತ್ತು ರೂಪಾಯಿಯ ಒಂದು ನಾಣ್ಯ ಕೊಟ್ಟೆ. ಅಜ್ಜಿ ನೋಟನ್ನು ಸೆರಗಿಗೆ ಕಟ್ಟಿಕೊಂಡು ನಾಣ್ಯವನ್ನು ನನ್ನ ಕೈಗೇ ವಾಪಸ್ ಇಟ್ಟಳು. "ಇದು ನಡೆಯಂಗಿಲ್ರೀ. ನೋಟಿದ್ರ ಕೊಡ್ರಿ."

"ಯಾಕಜ್ಜಿ, ಖೊಟ್ಟಿ ಏನು?" ಅಂದೆ.

"ಖೊಟ್ಟಿ ಅಲ್ಲೋ ಯಪ್ಪಾ. ನಡೆಯಂಗಿಲ್ಲ, ಅಷ್ಟ."

ನನ್ನ ಇವತ್ತಿನ ಭಾಷಣ ಇಷ್ಟೇ. ಉಳಿದದ್ದು ಅಜ್ಜಿಯ ಮಾತಿನ ವಿವರಣೆ.

ಈ ನಾಣ್ಯದ ಕಥೆ ನಿಮಗೆ ಗೊತ್ತೇ ಇದೆ. ನಡುವೆ ಬಿಳಿ, ಸುತ್ತ ಹಳದಿ, ಎರಡು ಲೋಹದ್ದು. ರೂಪಾಯಿಗೆ ಹೊಸ ಗುರುತು ಬಂದದ್ದು 2010ರಲ್ಲಿ. ಅದಕ್ಕಿಂತ ಮೊದಲಿನ ನಾಣ್ಯಗಳಲ್ಲಿ ಆ ಗುರುತು ಇಲ್ಲ. ಕೆಲವದರಲ್ಲಿ ಹತ್ತು ಗೆರೆ, ಕೆಲವದರಲ್ಲಿ ಹದಿನೈದು. 2016ರ ಹೊತ್ತಿಗೆ ಯಾರೋ ಒಂದು ಸುದ್ದಿ ಹಬ್ಬಿಸಿದರು: ಗುರುತಿಲ್ಲದ್ದು ನಕಲಿ, ಗೆರೆ ಜಾಸ್ತಿ ಇದ್ದದ್ದು ನಕಲಿ. ಅಲ್ಲಿಗೆ ಮುಗಿಯಿತು. ಅಂಗಡಿಯವರು ಬೇಡ ಅಂದರು, ಕಂಡಕ್ಟರ್ ಬೇಡ ಅಂದ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಿತು. ಹತ್ತು ರೂಪಾಯಿ ನಾಣ್ಯ ಆವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಅಸಲಿ, ಎಲ್ಲರೂ ತಗೊಳ್ಳಿ ಎಂದಿತು. ಟಂಕಿಸಿದವರು ಸರ್ಕಾರದವರು, ಸಿಂಹದ ಮುದ್ರೆ ಇದೆ, ಬ್ಯಾಂಕಿನ ಮಾತಿದೆ. ಆದರೂ ಅಜ್ಜಿ ಒಪ್ಪಲಿಲ್ಲ.

ಈಗ ಇನ್ನೊಂದು ಚಿತ್ರ ನೋಡಿ. ಸರ್ಕಾರಿ ಕಚೇರಿಯ ಕೋಣೆ, ಬಾಗಿಲ ಮೇಲೆ 'ಗಣಕಯಂತ್ರ ವಿಭಾಗ' ಎಂಬ ಫಲಕ. ಒಳಗೆ ಹೋಗಿ ಯಾರನ್ನಾದರೂ ಕೇಳಿ. "ಕಂಪ್ಯೂಟರ್ ಕೆಟ್ಟದೆ, ನಾಳೆ ಬನ್ನಿ" ಅಂತಾರೆ. ಗಣಕಯಂತ್ರ ಕೆಟ್ಟಿದೆ ಅಂದವರನ್ನು ನಾನು ಇನ್ನೂ ನೋಡಿಲ್ಲ. ಪದ ಅಸಲಿ. ವಿದ್ವಾಂಸರು ಕೂತು ಮಾಡಿದ್ದು, ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಬಾಯಲ್ಲಿ ನಡೆಯಂಗಿಲ್ಲ.

ನಾಣ್ಯ ಮಾಡುವುದಕ್ಕೂ ಪದ ಮಾಡುವುದಕ್ಕೂ ನಾವು ಒಂದೇ ಮಾತು ಬಳಸುತ್ತೇವೆ. ನಾಣ್ಯ ಟಂಕಿಸುತ್ತೇವೆ, ಪದ ಟಂಕಿಸುತ್ತೇವೆ. ನಾಣ್ಯ ಚಲಾವಣೆಗೆ ಬರುತ್ತದೆ, ಪದವೂ ಬರುತ್ತದೆ. ಬಳಸಿ ಬಳಸಿ ನಾಣ್ಯ ಸವಕಲಾಗುತ್ತದೆ, ಪದವೂ ಸವಕಲಾಗುತ್ತದೆ. ಇಂಗ್ಲಿಷಿನಲ್ಲೂ ಹೀಗೆಯೇ. ಕಳ್ಳನಾಣ್ಯ ಮಾಡುವವನೂ ಕಾಯ್ನರ್, ಹೊಸ ಪದ ಹುಟ್ಟಿಸುವವನೂ ಕಾಯ್ನರ್. ಒಬ್ಬನಿಗೆ ನೇಣು, ಇನ್ನೊಬ್ಬನಿಗೆ ಹಾರ, ಶಾಲು. ಹೆಸರು ಮಾತ್ರ ಒಂದೇ.

ಕನ್ನಡದಲ್ಲಿ ಇದಕ್ಕಿಂತ ಚೆಂದದ ಪದ ಒಂದಿದೆ. ಕಮ್ಮಟ. ಕಥಾ ಕಮ್ಮಟ, ಕಾವ್ಯ ಕಮ್ಮಟ ಎಂದು ನಾವು ಶಿಬಿರ ಮಾಡುತ್ತೇವಲ್ಲ, ಅದೇ. ಆ ಶಿಬಿರಗಳಲ್ಲಿ ಕೂತವರಿಗೆ ತಾವು ಟಂಕಸಾಲೆಯಲ್ಲಿ ಕೂತಿದ್ದೇವೆ ಎಂದು ಗೊತ್ತಿರುತ್ತದೋ ಇಲ್ಲವೋ. ಹಳೆಯ ಕನ್ನಡದಲ್ಲಿ ಕಮ್ಮಟ ಎಂದರೆ ನಾಣ್ಯ ಅಚ್ಚು ಹಾಕುವ ಜಾಗ. ಅಂಥದೊಂದು ನಿಮ್ಮ ಪಕ್ಕದಲ್ಲೇ ಇತ್ತು. ಲಕ್ಕುಂಡಿಗೆ ನಾವು ಗುಡಿ ನೋಡಲು, ಬಾವಿ ನೋಡಲು ಹೋಗುತ್ತೇವೆ. ಆಗ ಅದು ಲೊಕ್ಕಿಗುಂಡಿ. ಅಲ್ಲಿ ಟಂಕಿಸಿದ ಚಿನ್ನದ ನಾಣ್ಯಕ್ಕೆ ಶಾಸನಗಳಲ್ಲಿ 'ಲೊಕ್ಕಿಗದ್ಯಾಣ' ಎಂಬ ಹೆಸರೇ ಇದೆ. ಊರಿನ ಹೆಸರೇ ನಾಣ್ಯಕ್ಕೆ ಗ್ಯಾರಂಟಿ.

ಈ ಲೋಕವನ್ನು ಬಸವಣ್ಣ ಕರ್ತಾರನ ಕಮ್ಮಟ ಎಂದ ವಚನ ನಿಮಗೆಲ್ಲ ಬಾಯಿಪಾಠ. ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುತ್ತಾರೆ ಎನ್ನುವ ಮಾತು ಅದರ ಜೀವ. ನಾವು ಅದನ್ನು ಭಕ್ತಿಯ ಮಾತು ಎಂದು ಓದುತ್ತೇವೆ. ಆದರೆ ಹೇಳಿದವನು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡವನು. ದಿನಾ ರೊಕ್ಕ ಎಣಿಸಿದ ಕೈ ಅದು. 'ಸಲ್ಲು' ಎನ್ನುವುದು ಅವನಿಗೆ ಪುಸ್ತಕದ ಪದ ಅಲ್ಲ, ಲೆಕ್ಕದ ಕಟ್ಟೆಯ ಪದ. ಸಲ್ಲುವ ನಾಣ್ಯ, ಸಲ್ಲದ ನಾಣ್ಯ. ನಡತೆಗೂ ಅದೇ ಪದ: 'ಇದು ನಿನಗೆ ಸಲ್ಲದು.' ಅಜ್ಜಿ ಅಂದ 'ನಡೆಯಂಗಿಲ್ಲ' ಇದೇ ಮಾತಿನ ಇವತ್ತಿನ ರೂಪ. ಅಸಲಿ, ನಕಲಿ ಎನ್ನುವುದು ಒಂದು ಪ್ರಶ್ನೆ. ಸಲ್ಲುತ್ತದೋ ಇಲ್ಲವೋ ಎನ್ನುವುದು ಬೇರೆಯೇ ಪ್ರಶ್ನೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಕಳ್ಳರ ಕಡೆ ಹೋಗೋಣ. ಕಳ್ಳರ ಕಥೆ ಯಾವತ್ತೂ ರುಚಿ, ಅಲ್ವಾ?

ನ್ಯೂಟನ್ ಅಂದರೆ ನಮಗೆ ಸೇಬು. ಆದರೆ 1696ರಲ್ಲಿ ಆತ ಕೇಂಬ್ರಿಜ್ ಬಿಟ್ಟು ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ಹೋದ. ಆಗ ಇಂಗ್ಲೆಂಡಿನ ಬೆಳ್ಳಿ ನಾಣ್ಯಗಳ ಸ್ಥಿತಿ ಕೆಟ್ಟಿತ್ತು. ಜನ ನಾಣ್ಯದ ಅಂಚನ್ನು ಸಣ್ಣಗೆ ಕತ್ತರಿಸಿ, ಆ ಬೆಳ್ಳಿಚೂರು ಕರಗಿಸಿ ಮಾರುತ್ತಿದ್ದರು. ನಾಣ್ಯ ಮಾತ್ರ ಅದೇ ಬೆಲೆಗೆ ಓಡುತ್ತಿತ್ತು. ಹಳೆಯದನ್ನೆಲ್ಲ ವಾಪಸ್ ತರಿಸಿ ಹೊಸದಾಗಿ ಅಚ್ಚು ಹಾಕುವ ಕೆಲಸ ನಡೆಯಿತು. ಜೊತೆಗೆ ಕಳ್ಳನಾಣ್ಯದವರನ್ನು ಹಿಡಿಸುವ ಕೆಲಸವೂ ನ್ಯೂಟನ್ ತಲೆಗೆ ಬಂತು. ಮೊದಮೊದಲು ಬೇಡ ಅಂದ. ಆಮೇಲೆ ಹಟಕ್ಕೆ ಬಿದ್ದ. ತಾನೇ ಕೂತು ನೂರಕ್ಕೂ ಹೆಚ್ಚು ಹೇಳಿಕೆ ಪಡೆದ.

ಅವನ ಎದುರಾಳಿ ವಿಲಿಯಂ ಚಾಲೊನರ್. ಇವನ ಧೈರ್ಯ ನೋಡಿ. ಕಳ್ಳನಾಣ್ಯ ಮಾಡುತ್ತಲೇ ಪಾರ್ಲಿಮೆಂಟಿನ ಮುಂದೆ ಹೋಗಿ, ಟಂಕಸಾಲೆಯವರಿಗೆ ಕೆಲಸ ಬರುವುದಿಲ್ಲ, ನಕಲು ಮಾಡಲಾಗದ ನಾಣ್ಯ ಹೇಗೆ ಮಾಡಬೇಕೆಂದು ನಾನು ತೋರಿಸುತ್ತೇನೆ ಎಂದ. ಕೋಳಿಗೂಡಿನ ಬೀಗ ಸರಿ ಇಲ್ಲ ಎಂದು ನರಿ ಅರ್ಜಿ ಹಾಕಿದ ಹಾಗೆ. ನ್ಯೂಟನ್ ಬಿಡಲಿಲ್ಲ. ಸಾಕ್ಷಿ ಕೂಡಿಸಿದ. ಕೊನೆಗೆ ಚಾಲೊನರ್ ನ್ಯೂಟನ್ನಿಗೇ ಪತ್ರ ಬರೆದು ಜೀವ ಉಳಿಸು ಎಂದು ಬೇಡಿಕೊಂಡ. 1699ರ ಮಾರ್ಚಿನಲ್ಲಿ ಅವನನ್ನು ಟೈಬರ್ನ್‌ನಲ್ಲಿ ನೇಣಿಗೆ ಹಾಕಿದರು. ಆಗ ಕಳ್ಳನಾಣ್ಯ ಮಾಡುವುದು ರಾಜದ್ರೋಹ. ರಾಜನ ಮುಖವನ್ನು ರಾಜನನ್ನು ಕೇಳದೆ ಒತ್ತುವುದು ಕಳ್ಳತನಕ್ಕಿಂತ ದೊಡ್ಡ ತಪ್ಪು.

ಆದರೆ ಇದೇ ನ್ಯೂಟನ್ ಪದಗಳನ್ನೂ ಟಂಕಿಸಿದವನು. ಕೇಂದ್ರದ ಕಡೆಗೆ ಎಳೆಯುವ ಬಲಕ್ಕೆ ಲ್ಯಾಟಿನ್‌ನಲ್ಲಿ ಹೆಸರಿಟ್ಟವನು ಅವನೇ. ನಮ್ಮ ಪಠ್ಯಪುಸ್ತಕದ 'ಕೇಂದ್ರಾಭಿಮುಖ ಬಲ' ಅದರ ಮರಿಮಗು. ಅದಕ್ಕೆ ಅವನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಭಾಷೆಗೆ ರಾಜ ಇಲ್ಲ, ರಾಜದ್ರೋಹವೂ ಇಲ್ಲ. ನನಗೆ ಈ ಚಿತ್ರ ತುಂಬ ಇಷ್ಟ. ಹಗಲು ಕಳ್ಳ ಟಂಕದವರನ್ನು ಹಿಡಿಯುವ ಮನುಷ್ಯನ ಮೇಜಿನ ಮೇಲೆ ಅವನೇ ಟಂಕಿಸಿದ ಪದಗಳ ಪುಸ್ತಕ.

ರಾಜನೇ ಪೇಚಿಗೆ ಸಿಕ್ಕಿದ ಕಥೆಯೂ ಇದೆ. ಮಹಮ್ಮದ್ ಬಿನ್ ತುಘಲಕ್ 1330ರ ಸುಮಾರಿಗೆ ಹಿತ್ತಾಳೆ, ತಾಮ್ರದ ನಾಣ್ಯ ಹೊರಡಿಸಿದ. ಇದನ್ನು ಬೆಳ್ಳಿಯ ಟಂಕದ ಬೆಲೆಗೇ ತಗೊಳ್ಳಿ ಎಂದ. ಸುಲ್ತಾನನ ಮಾತು ಕೇಳಿದವನು ದೇವರ ಮಾತು ಕೇಳಿದ ಹಾಗೆ ಎಂದು ನಾಣ್ಯದ ಮೇಲೇ ಬರೆಸಿದ. ಹಿತ್ತಾಳೆ ಎಲ್ಲರ ಮನೆಯಲ್ಲೂ ಇತ್ತು. ಮನೆಮನೆಯೂ ಟಂಕಸಾಲೆಯಾಯಿತು ಎನ್ನುವ ಅರ್ಥದ ಮಾತನ್ನು ಬರನಿ ಎಂಬ ಚರಿತ್ರೆಕಾರ ಬರೆದಿದ್ದಾನೆ. ಕೆಲವೇ ವರ್ಷಗಳಲ್ಲಿ ಸುಲ್ತಾನ ಸೋತು, ತಾಮ್ರ ತಂದವರಿಗೆ ಖಜಾನೆಯಿಂದ ಬೆಳ್ಳಿ, ಚಿನ್ನ ಕೊಡಬೇಕಾಯಿತು. ವಾಪಸ್ ಬಂದ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡದ ಹಾಗೆ ಬಿದ್ದಿದ್ದವಂತೆ. ಸರ್ಕಾರಿ ಪಾರಿಭಾಷಿಕ ಪದಕೋಶಗಳನ್ನು ನೋಡಿದಾಗಲೆಲ್ಲ ನನಗೆ ಆ ಗುಡ್ಡ ನೆನಪಾಗುತ್ತದೆ. ಶ್ರಮಪಟ್ಟು ಮಾಡಿದವರಿಗೆ ಬೇಜಾರಾಗಬಾರದು. ನಾನೂ ಅಂಥ ಕೆಲಸ ಮಾಡಿದವನೇ.

ಹಾಗಾದರೆ ಹೊಸ ನಾಣ್ಯವನ್ನು ಜನ ಯಾವಾಗ ಒಪ್ಪುತ್ತಾರೆ? ಇದಕ್ಕೆ ಹೈದರಾಲಿ ಕೊಟ್ಟ ಉತ್ತರ ಬಹಳ ಜಾಣತನದ್ದು. 1763ರಲ್ಲಿ ಹೈದರ್ ಬಿದನೂರು ಗೆದ್ದ. ಅದು ಕೆಳದಿ ನಾಯಕರ ರಾಜಧಾನಿ. ಅಲ್ಲಿ ಓಡುತ್ತಿದ್ದದ್ದು ಇಕ್ಕೇರಿ ವರಾಹ, ಅದರ ಮೇಲೆ ಶಿವ ಪಾರ್ವತಿಯರ ಚಿತ್ರ. ಹೈದರ್ ತನ್ನದೇ ವರಾಹ ಟಂಕಿಸಿದ. ಒಂದು ಮುಖದಲ್ಲಿ ಶಿವ ಪಾರ್ವತಿಯರು ಹಾಗೇ ಕೂತಿದ್ದಾರೆ. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ, ಪರ್ಷಿಯನ್ ಲಿಪಿಯಲ್ಲಿ, ಅದೊಂದೇ. ರಾಜ್ಯ ಹೊಸದು, ರಾಜ ಹೊಸಬ. ಆದರೆ ಸಂತೆಯ ವ್ಯಾಪಾರಿಯ ಕೈಗೆ ಬಂದದ್ದು ಗುರುತಿನ ಮುಖ. ನಾಣ್ಯ ಸಲ್ಲಿತು.

ಮಗ ಟಿಪ್ಪು ಇನ್ನೊಂದು ದಾರಿ ಹಿಡಿದ. ಎರಡು ರೂಪಾಯಿಗೆ 'ಹೈದರಿ', ರೂಪಾಯಿಗೆ 'ಇಮಾಮಿ', ಪೈಸೆಗೆ 'ಜೊಹ್ರಾ' ಎಂದು ನಾಣ್ಯಕ್ಕೂ ಹೊಸದು, ಹೆಸರಿಗೂ ಹೊಸದು. ತಿಂಗಳುಗಳಿಗೆ ಬೇರೆ ಹೆಸರಿಟ್ಟ. ಊರುಗಳಿಗೂ ಇಟ್ಟ. ನಾಣ್ಯಗಳು ಅಂದವಾಗಿದ್ದವು. ಹೆಸರುಗಳು ಬಾಯಲ್ಲಿ ನಿಲ್ಲಲಿಲ್ಲ. ಇಮಾಮಿ ಇವತ್ತು ನಾಣ್ಯ ಸಂಗ್ರಹ ಮಾಡುವವರ ಆಲ್ಬಮ್ಮಿನಲ್ಲಿದೆ, ರೂಪಾಯಿ ನಮ್ಮ ಜೇಬಿನಲ್ಲಿದೆ. ಊರ ಹೆಸರುಗಳಲ್ಲಿ ಮೈಸೂರಿನ ನಜರ್‌ಬಾದ್ ಒಂದು ಬಡಾವಣೆಯಾಗಿ ಉಳಿದುಕೊಂಡಿತು.

ಪದಗಳಲ್ಲೂ ಸಲ್ಲಿದ್ದು ಹೈದರನ ದಾರಿಯೇ. ಹಳೆಯ ಮುಖ ಇಟ್ಟುಕೊಂಡು ಹಿಂದೆ ಒಂದು ಹೊಸ ಅಕ್ಷರ ಒತ್ತುವುದು. ಅಂಕಣ ಅಂದರೆ ಮನೆಯಲ್ಲಿ ಎರಡು ಕಂಬಗಳ ನಡುವಿನ ಜಾಗ. 'ನಮ್ಮದು ಐದಂಕಣದ ಮನೆ' ಎನ್ನುತ್ತಾರೆ. ಪತ್ರಿಕೆಯವರು ಆ ಪದವನ್ನು ಎತ್ತಿಕೊಂಡು ಪುಟಕ್ಕೆ ತಂದರು. ಪುಟದಲ್ಲೂ ಕಂಬಗಳಿವೆ, ನಡುವೆ ಜಾಗ ಇದೆ. ಎಷ್ಟು ಸರಿಯಾಗಿ ಕೂತಿದೆ ನೋಡಿ. ಈಗ ಅಂಕಣಕಾರ ಅಂದರೆ ಮನೆ ಕಟ್ಟುವವನು ಅಂತ ಯಾರೂ ತಿಳಿಯುವುದಿಲ್ಲ.

ಆಕಾಶವಾಣಿಯೂ ಹಾಗೇ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ಈ ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ಕಂಸನಿಗೆ ಕೇಳಿಸಿದ್ದೂ ಆಕಾಶವಾಣಿಯೇ. ಪುರಾಣದ ಚಿನ್ನ, ಹೊಸ ಮುದ್ರೆ. ಮುಂದೆ ಇಡೀ ದೇಶದ ರೇಡಿಯೊಗೇ ಆ ಹೆಸರಾಯಿತು. ಕಸ್ತೂರಿಯವರ ತಮಾಷೆ ಏನೆಂದರೆ, ಅವರ ಊರು ಕೇರಳದ ಕಡೆಯದು. ಕನ್ನಡಕ್ಕೆ ಬಂದು ಹಾಸ್ಯ ಬರೆದರು. 'ಅನರ್ಥಕೋಶ' ಎಂಬ ನಿಘಂಟೇ ಮಾಡಿದರು. ಇದ್ದ ಪದಗಳಿಗೆ ಬೇಕೆಂದೇ ತಪ್ಪು ಅರ್ಥ ಕೊಡುವ ನಿಘಂಟು. ಅಸಲಿ ನಾಣ್ಯವನ್ನು ತಿರುಗಿಸಿ ಹಿಡಿದು, ಇದು ಖೊಟ್ಟಿ ನೋಡ್ರಪ್ಪಾ ಎಂದು ನಗಿಸಿದವರು. ಒಂದು ಕೈಯಲ್ಲಿ ಅನರ್ಥಕೋಶ, ಇನ್ನೊಂದು ಕೈಯಲ್ಲಿ ಆಕಾಶವಾಣಿ. ಇಂಥ ಕಮ್ಮಟಿಗ ಬೇಕು ನಮಗೆ.

ಇವರೆಲ್ಲ ಹೆಸರಿದ್ದವರು. ಹೆಸರಿಲ್ಲದವರ ಟಂಕಸಾಲೆ ಇನ್ನೂ ದೊಡ್ಡದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಎಂಬ ಒಂದು ಮುದ್ರೆ ಒತ್ತಿ ಒಳಗೆ ಬಿಟ್ಟುಕೊಂಡರು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಖಾರದ ಕಾಯಿ ಬಂತು. ಅದುವರೆಗೆ ನಮ್ಮ ಖಾರ ಮೆಣಸು. ಸರಿ, ಇದು ಮೆಣಸಿನ ಕಾಯಿ. ಹಾಗೆಂದು ಹೆಸರಿಟ್ಟವರು ಯಾವ ಸಮಿತಿಯಲ್ಲೂ ಕೂತವರಲ್ಲ. ಇವತ್ತು ಬ್ಯಾಡಗಿಯಲ್ಲಿ ನಿಂತು, ಈ ಪದ ಇಲ್ಲಿನದಲ್ಲ, ಈ ಬೆಳೆಯೂ ಇಲ್ಲಿನದಲ್ಲ ಎಂದು ಹೇಳಿ ನೋಡಿ, ಏನಾಗುತ್ತದೆ!

ಶಾಲೆಯ ಊಟದ ಯೋಜನೆಗೆ ಕಾಗದದಲ್ಲಿರುವ ಹೆಸರು 'ಅಕ್ಷರ ದಾಸೋಹ'. ಒಳ್ಳೆಯ ಹೆಸರೇ, ಶರಣರ ನೆನಪು ಇದೆ. ಮಕ್ಕಳು, ಅಡುಗೆಯವರು, ಪತ್ರಿಕೆಯವರು ಹೇಳುವುದು 'ಬಿಸಿಯೂಟ'. ಆ ಪದ ಕೇಳಿದರೆ ಹಬೆ ಕಾಣುತ್ತದೆ. 2020ರಲ್ಲಿ ಲಾಕ್‌ಡೌನ್ ಬಂದಾಗ ಕೆಲವರು 'ದಿಗ್ಬಂಧನ' ಎಂದು ಬರೆದು ನೋಡಿದರು. ಆಗಲಿಲ್ಲ. ಆದರೆ 'ಸಾಮಾಜಿಕ ಅಂತರ' ಸಲೀಸಾಗಿ ಓಡಿತು. ನೋಟು ರದ್ದಾದಾಗ 'ಅಮಾನ್ಯೀಕರಣ' ಎಂಬ ಪದ ಪತ್ರಿಕೆಯಲ್ಲಿ ಬಂತು. ಬ್ಯಾಂಕಿನ ಕ್ಯೂನಲ್ಲಿ ನಿಂತವರು 'ನೋಟ್ ಬ್ಯಾನ್' ಅಂದರು. ಅಷ್ಟು ಉದ್ದದ ಪದ ಹೇಳುತ್ತಾ ನಿಂತರೆ ಕ್ಯೂ ಮುಂದೆ ಹೋಗಬೇಕಲ್ಲ.

ಬೆರಕೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಗದಗಿನಲ್ಲಿ ಹೇಳದೆ ಹೋದರೆ ಸರಿಯಲ್ಲ. ನಾಣ್ಯ ಹಾಳು ಮಾಡುವ ಹಳೆಯ ಉಪಾಯ ಎಂದರೆ ಚಿನ್ನಕ್ಕೆ ತಾಮ್ರ ಬೆರೆಸುವುದು. ಪದದಲ್ಲೂ ಬೆರಕೆ ಮಾಡಬಾರದು ಎಂದು ನಮ್ಮ ಹಿರಿಯರು ಕಾನೂನು ಮಾಡಿದ್ದರು. ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿ ಸಮಾಸ ಮಾಡಿದರೆ ಅದು ಅರಿಸಮಾಸ. ಅರಿ ಎಂದರೆ ಶತ್ರು. ಹೆಸರಲ್ಲೇ ಪೊಲೀಸ್ ಕೇಸಿದೆ. ನಿಮ್ಮ ಮುಳಗುಂದದ ನಯಸೇನ 1112ರಲ್ಲಿ ಕಾವ್ಯ ಬರೆಯುತ್ತಾ ಕೇಳಿದ: ಸಂಸ್ಕೃತದಲ್ಲಿ ಬರೆಯುವುದಾದರೆ ಪೂರ್ತಿ ಸಂಸ್ಕೃತದಲ್ಲಿ ಬರೆ, ಶುದ್ಧ ಕನ್ನಡದಲ್ಲಿ ಅದನ್ನು ಯಾಕೆ ತಂದು ತುರುಕುತ್ತೀ, ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೇನು? ಚೆನ್ನಾಗಿ ಗದರಿದ. ಆದರೆ ಆ ಪದ್ಯದಲ್ಲಿ ತುಪ್ಪ ಇಲ್ಲ, ಎಣ್ಣೆಯೂ ಇಲ್ಲ. ಇರುವುದು 'ಘೃತ' ಮತ್ತು 'ತೈಲ'. ಎರಡೂ ಸಂಸ್ಕೃತ! ಬೈಯುವಾಗ ಬಾಯಿ ತಪ್ಪಿತೋ, ಬೇಕೆಂದೇ ಕಣ್ಣು ಹೊಡೆದನೋ. ನನಗಂತೂ ಕಣ್ಣು ಹೊಡೆದ ಎಂದೇ ಅನ್ನಿಸುತ್ತದೆ.

ಒಂದು ಕಡೆ ಲಕ್ಕುಂಡಿ, ಒಂದು ಕಡೆ ಮುಳಗುಂದ. ನಡುವೆ ಈ ಸಭಾಂಗಣ. ಒಂದೂರಲ್ಲಿ ಚಿನ್ನದ ಶುದ್ಧಿ, ಒಂದೂರಲ್ಲಿ ಪದದ ಶುದ್ಧಿ.

ಕಾನೂನು ಉಳಿಯಿತೇ? 'ಮತಗಟ್ಟೆ' ನೋಡಿ. ಮತ ಸಂಸ್ಕೃತ, ಕಟ್ಟೆ ಕನ್ನಡ. ಪಕ್ಕಾ ಅರಿಸಮಾಸ. ಆದರೆ ಅರಳಿಕಟ್ಟೆ, ಬಾವಿಕಟ್ಟೆಗಳ ಪಕ್ಕದಲ್ಲಿ ಅದು ಎಷ್ಟು ಆರಾಮಾಗಿ ಕೂತಿದೆ! ಇನ್ನು 'ಜಿಲ್ಲಾಧಿಕಾರಿ'. ಜಿಲ್ಲಾ ಅರಬ್ಬಿಯಿಂದ ಬಂದದ್ದು, ಅಧಿಕಾರಿ ಸಂಸ್ಕೃತದ್ದು. ಇಬ್ಬರ ನಡುವೆ ಸವರ್ಣದೀರ್ಘ ಸಂಧಿ ಬೇರೆ! ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಎದ್ದು ಬಂದರೆ ಏನು ಹೇಳುತ್ತಿದ್ದನೋ. ಆದರೆ ಜಿಲ್ಲಾಧಿಕಾರಿಯನ್ನು ಖೊಟ್ಟಿ ಎನ್ನುವ ಧೈರ್ಯ ಯಾರಿಗಿದೆ?

ಕಳ್ಳನಾಣ್ಯಕ್ಕೂ ಹೊಸ ಪದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. 1860ರ ದಂಡಸಂಹಿತೆ ಖೋಟಾ ಎನ್ನುವುದನ್ನು ವಿವರಿಸಿದ ರೀತಿ ಸರಳ. ಒಂದು ವಸ್ತು ಇನ್ನೊಂದರ ಹಾಗೆ ಕಾಣುವಂತೆ ಮಾಡುವುದು, ಆ ಹೋಲಿಕೆಯಿಂದ ಮೋಸ ಮಾಡುವುದು. ಕಳ್ಳನಾಣ್ಯ ನೂರು ವರ್ಷ ಓಡಲಿ, ಸಾವಿರ ಕೈ ದಾಟಲಿ, ಸಿಕ್ಕಿಬಿದ್ದ ದಿನ ಅದು ಕಳ್ಳನಾಣ್ಯವೇ. ಪದ ಹಾಗಲ್ಲ. ಎಲ್ಲ ಪದವೂ ಹುಟ್ಟುವಾಗ ಕಳ್ಳನಾಣ್ಯವೇ. ಯಾವನೋ ಒಬ್ಬ ಅಪ್ಪಣೆ ಇಲ್ಲದೆ ಒತ್ತಿದ್ದು. ಎದುರಿನವನು ಅದನ್ನು ತಗೊಂಡು ಮೂರನೆಯವನಿಗೆ ಕೊಟ್ಟರೆ ಸಾಕು, ಅಸಲಿಯಾಗಲು ಶುರುವಾಯಿತು. ತಗೊಳ್ಳುವವನೇ ಟಂಕಸಾಲೆ.

ಅದಕ್ಕೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಟಂಕಿಸಿದ ಪದಗಳ ಬಗ್ಗೆ ಜಗಳ ಆಡುವುದು ನನಗೆ ಸರಿ ಕಾಣುವುದಿಲ್ಲ. ವ್ಯಾಕರಣಕ್ಕೆ 'ಸೊಲ್ಲರಿಮೆ' ಅಂದರು, ಭಾಷಾವಿಜ್ಞಾನಕ್ಕೆ 'ನುಡಿಯರಿಮೆ' ಅಂದರು. ಮಹಾಪ್ರಾಣ ಬೇಡ ಎಂದು ತಮ್ಮ ಹೆಸರನ್ನೇ 'ಬಟ್' ಎಂದು ಬರೆದರು. ನಕ್ಕವರು ಬಹಳ. ನನಗೂ ಅವರ ಕೆಲವು ಪದ ಬಾಯಿಗೆ ಹತ್ತುವುದಿಲ್ಲ. ಆದರೆ 'ನುಡಿಯರಿಮೆ' ಚೆಂದ ಇದೆ, ನಾನು ಒಂದೆರಡು ಸಲ ಖರ್ಚು ಮಾಡಿದ್ದೇನೆ. ಅವರು ಕದ್ದು ಅಚ್ಚು ಹಾಕಲಿಲ್ಲ. ತಮ್ಮ ಹೆಸರು ಹಾಕಿ, ಕಾರಣ ಬರೆದು, ಸಂತೆಯಲ್ಲಿ ಇಟ್ಟರು. ತಗೊಳ್ಳುವುದು ಬಿಡುವುದು ನಮ್ಮ ಕೈಯಲ್ಲಿದೆ.

ನನ್ನ ಟಂಕಸಾಲೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಪದಪಟ್ಟಿಯ ಕೆಲಸದಲ್ಲಿ ಸೆಲ್ಫಿಗೆ ಕನ್ನಡ ಪದ ಬೇಕಾಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡು 'ತನ್ನೋಟ' ಎಂದು ಮಾಡಿದೆ. ತನ್ನ ನೋಟ, ತನ್ನೋಟ. ನನಗೇ ಹೆಮ್ಮೆ. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ, "ತನ್ನ ನೋಟು ತಾನೇ ಅಚ್ಚು ಹಾಕ್ಕೊಳ್ಳೋದಾ ಅಪ್ಪಾ?" ಅಂದಳು. ಆ ಪದ ಅಲ್ಲಿಂದ ಮುಂದೆ ಎಲ್ಲೂ ಹೋಗಲಿಲ್ಲ. ಇವತ್ತು ನಿಮ್ಮ ಮುಂದೆ ಬಂದದ್ದೇ ಅದರ ದ್ವಿತೀಯ ಸಂಚಾರ.

ಅಂಚು ಕತ್ತರಿಸುವ ಕಳ್ಳರ ಮಾತು ಬಂತಲ್ಲ, ಅದಕ್ಕೊಂದು ಬಾಲ ಇದೆ. ಬಿದನೂರನ್ನು ಗೆದ್ದ ಹೈದರ್ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಜನ ಆ ಹೆಸರನ್ನು ತಗೊಂಡರು. ಆದರೆ ಇಡಿಯಾಗಿ ಅಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ಹೈದರ್ ಉದುರಿಹೋದ, 'ನಗರ' ಉಳಿಯಿತು. ಇವತ್ತಿಗೂ ಶಿವಮೊಗ್ಗ ಜಿಲ್ಲೆಯಲ್ಲಿ ಆ ಊರು ಬರೀ ನಗರ. ಬೆಂಗಳೂರಿನವರು ಬಸ್ಸಿನ ಫಲಕ ನೋಡಿ, 'ಯಾವ ನಗರ ಸ್ವಾಮಿ?' ಎಂದು ಕೇಳುತ್ತಾರೆ. ನಾಣ್ಯದ ಮೇಲೆ ತನ್ನ ಒಂದೇ ಅಕ್ಷರ ಇಟ್ಟವನಿಗೆ ಊರಿನ ಹೆಸರಲ್ಲಿ ಅದೂ ಉಳಿಯಲಿಲ್ಲ.

ನನ್ನ ಸಮಯ ಮುಗಿಯಿತು ಎಂದು ಚೀಟಿ ಬಂದಿದೆ. ನಮಸ್ಕಾರ.

(ಭಾಷಣದಲ್ಲಿ ಇಲ್ಲದ ಒಂದು ಮಾತು. ಅವತ್ತು ರಾತ್ರಿ ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಎಂದು ನನ್ನ ಕೈಗೆ ಹತ್ತು ರೂಪಾಯಿಯ ನಾಣ್ಯ ಇಟ್ಟ. ಬೆಳಕಿಗೆ ಹಿಡಿದು ನೋಡಿದೆ. ಗುರುತು ಇರಲಿಲ್ಲ. "ನೋಟಿಲ್ವಾ?" ಎಂದು ಕೇಳಿದ್ದೆ, ಕೇಳಿಯಾದ ಮೇಲೆ ಗೊತ್ತಾಯಿತು.)